ಗುಳ್ಳೆಗಳಿಗೆ ಕಾಂತಕ್ಷೇತ್ರದ ಕಡಿವಾಣ

ಕೇಳುಗರಿಗೆ ನಮಸ್ಕಾರ.

ನಿಲುವುಗೊಳವೆಯೊಂದರಲ್ಲಿ ಸಣ್ಣ ಕಣಗಳನ್ನು ತುಂಬಿ, ತಳದ ರಂಧ್ರಫಲಕದ ಮೂಲಕ ಅನಿಲವನ್ನು ಹಾಯಿಸುತ್ತ ಅದರ ವೇಗವನ್ನು ಮೆಲ್ಲನೆ ಏರಿಸಿದರೆ, ಅನಿಲದ ಎಳೆತವು ಕಣಗಳ ತೂಕಕ್ಕೆ ಸಮನಾಗುವ ಹಂತವೊಂದು ಬರುತ್ತದೆ. ಆಗ ಕಣರಾಶಿ ಸಡಿಲಗೊಂಡು ದ್ರವದಂತೆ ವರ್ತಿಸತೊಡಗುತ್ತದೆ. ರಾಸಾಯನಿಕ ಎಂಜಿನಿಯರುಗಳು ಇದನ್ನು ಫ್ಲೂಯಿಡೈಸ್ಡ್ ಬೆಡ್ ಎನ್ನುತ್ತಾರೆ. ಕಚ್ಚಾತೈಲದ ಭಾರವಾದ ಅಂಶಗಳನ್ನು ಒಡೆದು ಪೆಟ್ರೋಲ್ ಪಡೆಯಲು 1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಆರಂಭವಾದ ಘಟಕವು ಈ ತತ್ತ್ವವನ್ನೇ ಬಳಸಿಕೊಂಡಿತು.

ತೊಡಕಿರುವುದು ಗುಳ್ಳೆಗಳಲ್ಲಿ. ವೇಗವನ್ನು ಇನ್ನಷ್ಟು ಹೆಚ್ಚಿಸಿದಾಗ ಮಿಕ್ಕ ಅನಿಲವು ಗುಳ್ಳೆಗಳಾಗಿ ಮೇಲೇರುತ್ತದೆ. ಬೆಡ್ ಕುದಿಯುವ ನೀರಿನಂತೆ ಕೊತಕೊತ ಎನ್ನುತ್ತದೆ. ಗುಳ್ಳೆಯೊಳಗಿನ ಅನಿಲದಲ್ಲಿ ಬಹುಪಾಲು ವೇಗವರ್ಧಕದ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ, ಕಣಗಳನ್ನು ಸೋಕದೆಯೇ ಪಾರಾಗುತ್ತದೆ, ಗುಳ್ಳೆ ಒಡೆಯುವಾಗ ಚಿಮ್ಮಿದ ಅತಿಸಣ್ಣ ಕಣಗಳು ಅನಿಲದೊಡನೆ ಹಾರಿಹೋಗುತ್ತವೆ.

ಕಣಗಳು ಕಬ್ಬಿಣ, ನಿಕ್ಕಲ್ ಅಥವಾ ಕಬ್ಬಿಣದ ಅದಿರಾದ ಮ್ಯಾಗ್ನಟೈಟ್‌ನವಾಗಿದ್ದರೆ ಇದಕ್ಕೊಂದು ಉಪಾಯವಿದೆ. ಕೊಳವೆಯ ಸುತ್ತ ತಂತಿಯ ಸುರುಳಿಯನ್ನು ಸುತ್ತಿ, ವಿದ್ಯುತ್ ಹರಿಸಿ, ಅನಿಲ ಹರಿಯುವ ದಿಕ್ಕಿಗೆ ಸಮಾಂತರವಾಗಿ ಏಕರೂಪದ ಕಾಂತಕ್ಷೇತ್ರವನ್ನು ಏರ್ಪಡಿಸಬೇಕು. ಗಾಜಿನ ಕೊಳವೆಯಲ್ಲಿ ಇದನ್ನು ನೋಡುವುದೇ ಚೆಂದ: ಉಕ್ಕುತ್ತಿದ್ದ ಮೇಲ್ಮೈ ಸಮತಟ್ಟಾಗುತ್ತದೆ, ಗುಳ್ಳೆಗಳು ಮಾಯವಾಗುತ್ತವೆ, ತೊನೆಯುತ್ತಿದ್ದ ಒತ್ತಡಮಾಪಕದ ಮಟ್ಟ ಒಂದೆಡೆ ನಿಲ್ಲುತ್ತದೆ. ಅನಿಲದ ವೇಗವನ್ನು ಏರಿಸಿದರೂ ಬೆಡ್ ಸದ್ದಿಲ್ಲದೆ ಹಿಗ್ಗುತ್ತದೆಯೇ ಹೊರತು ಕುದಿಯುವುದಿಲ್ಲ. ಹಾಗೆಂದು ಅದು ಗಟ್ಟಿಯಾಗಿರುವುದೂ ಇಲ್ಲ; ಪಕ್ಕದಲ್ಲೊಂದು ರಂಧ್ರ ಕೊರೆದರೆ ಕಣಗಳು ಧಾರೆಯಾಗಿ ಹೊರಗೆ ಸುರಿಯುತ್ತವೆ.

ಕಾಂತವು ಕಣಗಳನ್ನು ಕೆಳಕ್ಕೆ ಎಳೆದು ಹಿಡಿದಿದೆ ಎಂದು ಯಾರಿಗಾದರೂ ತೋರಬಹುದು, ಆದರೆ ಏಕರೂಪದ ಕ್ಷೇತ್ರವು ಬೆಡ್ಡನ್ನು ಯಾವ ಕಡೆಗೂ ಎಳೆಯುವುದಿಲ್ಲ. ಪ್ರತಿಯೊಂದು ಕಣವೂ ಪುಟ್ಟ ಕಾಂತವಾಗಿ, ಕ್ಷೇತ್ರರೇಖೆಯ ಗುಂಟ ತನ್ನ ಮೇಲಿನ ಹಾಗೂ ಕೆಳಗಿನ ಕಣಗಳನ್ನು ಸೆಳೆದುಕೊಳ್ಳುತ್ತದೆ. ಕಣಗಳ ನಡುವೆ ಎಲ್ಲಾದರೂ ತೆರಪು ಬೆಳೆಯಲು ಹೊರಟರೆ ಈ ಪರಸ್ಪರ ಸೆಳೆತವೇ ಅದನ್ನು ಚಿಕ್ಕದಿರುವಾಗಲೇ ಅಡಗಿಸುತ್ತದೆ. ಆದ್ದರಿಂದಲೇ ಬೆಡ್ ಸಡಿಲಗೊಳ್ಳುವ ಕನಿಷ್ಠ ವೇಗ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ಗುಳ್ಳೆ ಹುಟ್ಟುವ ವೇಗ ಮಾತ್ರ ಕ್ಷೇತ್ರ ಬಲವಾದಂತೆ ಮೇಲೇರುತ್ತದೆ. ಇವೆರಡರ ನಡುವಣ ಅಂತರವೇ ಎಂಜಿನಿಯರಿಗೆ ದಕ್ಕುವ ಲಾಭ. ಕ್ಷೇತ್ರ ಅತಿಯಾದರೆ ಕಣಗಳು ಸರಪಳಿಗಟ್ಟಿ ಬಿಗಿದುಕೊಂಡು, ಹರಿಯುವ ಗುಣವನ್ನೇ ಕಳೆದುಕೊಳ್ಳುತ್ತವೆ.

1960ರಲ್ಲಿ ಆಗಿನ ಸೋವಿಯತ್ ಲಾಟ್ವಿಯಾದಿಂದ ವಿಜ್ಞಾನಿ ಫಿಲಿಪೊವ್ ಪ್ರಕಟಿಸಿದ ಅಧ್ಯಯನವು ಈ ವಿಷಯದ ಮೊದಲ ಕೆಲಸಗಳಲ್ಲೊಂದು. 1979ರಲ್ಲಿ ಅಮೆರಿಕದ ತೈಲಸಂಸ್ಥೆ ಎಕ್ಸಾನ್‌ನ ರೊನಾಲ್ಡ್ ರೋಸೆನ್ಸ್‌ವೈಗ್ ಈ ಸ್ಥಿರತೆಯ ಸಿದ್ಧಾಂತವನ್ನೂ ಪ್ರಯೋಗವನ್ನೂ ಮುಂದಿಟ್ಟ ಮೇಲೆ ಉದ್ಯಮದ ಗಮನ ಇತ್ತ ಹರಿಯಿತು. ಚೀನಾದಲ್ಲಿ ನೈಲಾನಿನ ಕಚ್ಚಾವಸ್ತುವಾದ ಕ್ಯಾಪ್ರೋಲ್ಯಾಕ್ಟಮ್ ಅನ್ನು ನಿಕ್ಕಲ್ ವೇಗವರ್ಧಕದ ನೆರವಿನಿಂದ ಶುದ್ಧೀಕರಿಸಲು ಇಂಥ ಬೆಡ್ ಕಾರ್ಖಾನೆಯ ಮಟ್ಟದಲ್ಲೇ ಬಳಕೆಗೆ ಬಂದಿದೆ.

ಆದರೂ ಇದು ಎಲ್ಲೆಡೆ ಹರಡದಿರುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಕ್ಕಲ್ ಸುಮಾರು 358 ಡಿಗ್ರಿಯಲ್ಲಿಯೇ ತನ್ನ ಪ್ರಬಲ ಕಾಂತಗುಣವನ್ನು ಕಳೆದುಕೊಳ್ಳುವುದರಿಂದ ಹೆಚ್ಚು ಬಿಸಿಯ ಕ್ರಿಯೆಗಳಿಗೆ ಈ ದಾರಿ ಮುಚ್ಚಿಹೋಗುತ್ತದೆ. ಹಲವು ಮೀಟರ್ ಅಗಲದ ಪಾತ್ರೆಯ ತುಂಬ ಏಕರೂಪದ ಕ್ಷೇತ್ರವನ್ನು ಕಾಯ್ದುಕೊಳ್ಳಬಲ್ಲ ಸುರುಳಿ ದುಬಾರಿ, ಅದೇ ಬಿಸಿಯೇರುವುದರಿಂದ ತಂಪುಗೊಳಿಸುವ ವ್ಯವಸ್ಥೆಯೂ ಬೇಕು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮೂಲಭೂತವಾದ ಮಿತಿ ಬೇರೆಯದು. ಗುಳ್ಳೆಗಳು ಬರೀ ಕಾಟವಲ್ಲ. ಕಣಗಳನ್ನು ಕಲಕಿ ಶಾಖವನ್ನು ಬೆಡ್ಡಿನುದ್ದಕ್ಕೂ ಹಂಚುವುದೂ ಅವೇ. ಅವುಗಳನ್ನು ಅಡಗಿಸಿದರೆ ಆ ಕಲಕಾಟವೂ ನಿಲ್ಲುವುದರಿಂದ, ಭಾರೀ ಶಾಖ ಹೊಮ್ಮಿಸುವ ಕ್ರಿಯೆಗೆ ಈ ವಿಧಾನ ಹೊಂದುವುದಿಲ್ಲ; ಧೂಳು ಸೋಸಲು, ಮಿಶ್ರಣಗಳನ್ನು ಬೇರ್ಪಡಿಸಲು ಅಥವಾ ಅನಿಲ ಮೇಲಕ್ಕೂ ಕಣಗಳು ಕೆಳಕ್ಕೂ ಎದುರುಬದುರಾಗಿ ಸಾಗಬೇಕಾದಲ್ಲಿ ಅದೇ ನಿಶ್ಚಲತೆ ನಮಗೆ ಬೇಕಾಗಿರುತ್ತದೆ.