ಗುಂಡಿ ಪೆಟ್ಟಿಗೆಯ ಮೈಮೇಲಿರಲಿ

ಕೇಳುಗರಿಗೆ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿ ರೂಮು ಮಾಡಿಕೊಂಡಿರುವ ಹುಡುಗರು, ಚಿತ್ರದುರ್ಗದಲ್ಲಿ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಗಿಟಾರ್ ಎತ್ತಿಕೊಳ್ಳುವವರು, ಈ ಹತ್ತು ನಿಮಿಷ ನಿಮಗೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ, ಗಿಟಾರಿಗೆ ಜಾಕು ಇದೆ, ನುಡಿಸಿದ್ದನ್ನು ರೆಕಾರ್ಡ್ ಮಾಡಬೇಕು. ನಡುವೆ ಒಂದು ಪೆಟ್ಟಿಗೆ ಬೇಕು. ಗಿಟಾರಿನ ಧ್ವನಿಯನ್ನು ಅಂಕಿಗಳಾಗಿಸಿ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ, ಅದೇ ಆಡಿಯೊ ಇಂಟರ್‌ಫೇಸ್.

ಕೊಳ್ಳುವವರು ಮೊದಲು ಕೇಳುವುದು, "192 ಕಿಲೋಹರ್ಟ್ಸ್ ಇದೆಯಾ?" ಅಂತ. ಸೆಕೆಂಡಿಗೆ ಎಷ್ಟು ಸಾವಿರ ಸಲ ಧ್ವನಿಯನ್ನು ಅಳೆಯುತ್ತದೆ ಅನ್ನೋ ಲೆಕ್ಕ ಅದು. ಬಿಟ್ಟುಬಿಡಿ ಅದನ್ನ. 24 ಬಿಟ್, 48 ಕಿಲೋಹರ್ಟ್ಸ್ ಇದ್ದರೆ ಗಿಟಾರಿಗೆ ಧಾರಾಳ. ಲಿನಕ್ಸಿನವರು ನೋಡಬೇಕಾದ್ದು ಒಂದೇ: ಗುಂಡಿಗಳೆಲ್ಲ ಪೆಟ್ಟಿಗೆಯ ಮೈಮೇಲೇ ಇವೆಯಾ?

ಯಾಕೆ ಅಂದರೆ, ಆ ಯುಎಸ್‌ಬಿ ತಂತಿಯಲ್ಲಿ ಎರಡು ಥರದ ಸಂಗತಿ ಓಡಾಡುತ್ತದೆ. ಒಂದು ಧ್ವನಿ. ಅದಕ್ಕೆ ಯುಎಸ್‌ಬಿ ಆಡಿಯೊ ಕ್ಲಾಸ್ ಎಂಬ ಸಾರ್ವಜನಿಕ ನಿಯಮ ಇದೆ. ಆ ನಿಯಮ ಪಾಲಿಸುವ ಪೆಟ್ಟಿಗೆಗೆ ಕ್ಲಾಸ್ ಕಂಪ್ಲಯಂಟ್ ಎನ್ನುತ್ತಾರೆ. ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ಅದರ ಡ್ರೈವರ್, ಅಂದರೆ ಪೆಟ್ಟಿಗೆಯನ್ನು ನಡೆಸುವ ತಂತ್ರಾಂಶ, ಮೊದಲೇ ಇದೆ; ಚುಚ್ಚಿದರೆ ಸಾಕು, ಸಿ.ಡಿ.ಯೂ ಬೇಡ, ಡೌನ್‌ಲೋಡೂ ಬೇಡ. ಎರಡನೆಯದು ಪೆಟ್ಟಿಗೆಯ ಒಳಗಿನ ಸೆಟ್ಟಿಂಗು. ಇದಕ್ಕೆ ಎಷ್ಟೋ ಕಂಪನಿಗಳು ತಮ್ಮದೇ ಗುಟ್ಟಿನ ಭಾಷೆ ಇಟ್ಟುಕೊಂಡಿವೆ. ಆ ಭಾಷೆ ಬಲ್ಲ ತಂತ್ರಾಂಶವನ್ನು ವಿಂಡೋಸ್‌ಗೆ, ಮ್ಯಾಕ್‌ಗೆ ಕೊಡುತ್ತಾರೆ. ನಮಗೆ ಕೊಡೋದಿಲ್ಲ.

ಗಿಟಾರಿನವರಿಗೆ ಇದು ಎಲ್ಲಿ ಕೈಕೊಡುತ್ತದೆ ಗೊತ್ತೇ? 'ಇನ್‌ಸ್ಟ್' ಅಂತ ಬರೆದ ಗುಂಡಿಯಲ್ಲಿ. ಇನ್‌ಸ್ಟ್ರುಮೆಂಟ್ ಅನ್ನೋದರ ಮೊಟಕು ರೂಪ ಅದು; ಒತ್ತಿದರೆ ಇನ್‌ಪುಟ್ಟು ಗಿಟಾರಿಗೆ ಹೊಂದಿಕೊಳ್ಳುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ ಬಲಹೀನ ಜೀವ. ಅದರ ಎದುರು ಸುಮಾರು ಹತ್ತು ಲಕ್ಷ ಓಮ್, ಅಂದರೆ ಒಂದು ಮೆಗಾಓಮ್ ಇನ್‌ಪುಟ್ ಇರಬೇಕು. ಲೈನ್ ಇನ್‌ಪುಟ್‌ನಲ್ಲಿ ಇರುವುದು ಹತ್ತಿಪ್ಪತ್ತು ಸಾವಿರ ಓಮ್. ಅಲ್ಲಿಗೆ ಚುಚ್ಚಿದರೆ ಮೇಲಿನ ಸ್ವರಗಳ ಹೊಳಪೆಲ್ಲ ಇಂಗಿ, ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಜನ ತಂತಿ ಬದಲಾಯಿಸುತ್ತಾರೆ, ಪಿಕಪ್ ಬದಲಾಯಿಸುತ್ತಾರೆ. ಇನ್‌ಸ್ಟ್ ಗುಂಡಿ ಒತ್ತಿರೋದೇ ಇಲ್ಲ!

ಇನ್ನು, ಆ ಗುಂಡಿಯೇ ಪೆಟ್ಟಿಗೆಯ ಮೇಲೆ ಇಲ್ಲದಿದ್ದರೆ? ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಮೂರನೇ ತಲೆಮಾರನ್ನೇ ನೋಡಿ. ಅದರ 2ಐ2ರಲ್ಲಿ ಇನ್‌ಸ್ಟ್ ಗುಂಡಿ ಮುಂದೆಯೇ ಇದೆ. ಅದಕ್ಕಿಂತ ದೊಡ್ಡದು, ದುಬಾರಿಯದು 4ಐ4. ಅದರಲ್ಲಿ ದೀಪ ಮಾತ್ರ ಇದೆ, ಗುಂಡಿ ತಂತ್ರಾಂಶದಲ್ಲಿ. ಹೆಚ್ಚು ದುಡ್ಡು ಕೊಟ್ಟ ಲಿನಕ್ಸಿನವನು ಆ ಒಂದು ದೀಪ ಹಚ್ಚಲು ಯಾರದೋ ವಿಂಡೋಸ್ ಕಂಪ್ಯೂಟರ್ ಹುಡುಕಬೇಕಾಗಿತ್ತು.

ಈ ಬೀಗ ತೆಗೆದದ್ದು ಜೆಫ್ರಿ ಬೆನೆಟ್ ಎಂಬ ಒಬ್ಬ ಬಳಕೆದಾರ. ಅದನ್ನು ಹೇಳದೆ ಮುಂದೆ ಹೋಗೋದಕ್ಕೆ ಮನಸ್ಸಾಗದು. 2018ರ ಜನವರಿಯಿಂದ ಜೂನ್‌ವರೆಗೆ ಆತ ಮಾಡಿದ್ದು ಕದ್ದು ಕೇಳುವ ಕೆಲಸ. ಕಂಪನಿಯ ತಂತ್ರಾಂಶ ಒಂದು ಕಡೆ, ಸ್ಕಾರ್ಲೆಟ್ 18ಐ20 ಪೆಟ್ಟಿಗೆ ಇನ್ನೊಂದು ಕಡೆ. ನಡುವಿನ ಯುಎಸ್‌ಬಿ ತಂತಿಯಲ್ಲಿ ಏನು ಹರಿಯುತ್ತದೆ ಅಂತ ವೈರ್‌ಶಾರ್ಕ್ ಎಂಬ ಉಪಕರಣದಲ್ಲಿ ನೋಡುತ್ತ ಕೂತರು. ಗುಟ್ಟಿನ ಭಾಷೆ ಹೀಗೆ ಒಂದೊಂದೇ ಅಕ್ಷರವಾಗಿ ಬಿಚ್ಚಿಕೊಂಡಿತು. ದುರ್ಗದವರಿಗೆ ಇದು ಬೇಗ ಅರ್ಥವಾದೀತು: ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತಲ್ಲ. ಇಲ್ಲಿ ಒನಕೆ ಹಿಡಿದು ಕಾಯುವವರು ಇರಲಿಲ್ಲ, ಅಷ್ಟೇ. ಎರಡನೇ ತಲೆಮಾರಿನ ಡ್ರೈವರ್ ಮರುವರ್ಷ, 2019ರಲ್ಲಿ, ಕರ್ನಲ್ಲಿನ 5.4 ಆವೃತ್ತಿಗೆ ಸೇರಿತು. ಮೂರನೇ ತಲೆಮಾರಿನದು ಬಂದದ್ದು 2021ರಲ್ಲಿ, 5.14ರಲ್ಲಿ. ಅಷ್ಟಾದರೂ ಬಳಕೆದಾರರೇ ಒಂದು ಸಾಲು ಬರೆದು ಅದನ್ನು ಎಬ್ಬಿಸಬೇಕಾಗಿತ್ತು. 6.7ರಿಂದ ತಾನಾಗಿ ಏಳುತ್ತದೆ. ಈಗ ಆಲ್ಸಾ-ಸ್ಕಾರ್ಲೆಟ್-ಜಿಯುಐ ಎಂಬ ಬೆನೆಟ್‌ರದೇ ತಂತ್ರಾಂಶದಲ್ಲಿ ಇನ್‌ಸ್ಟ್ ದೀಪ ಹಚ್ಚಬಹುದು.

ಎಲ್ಲ ಕಂಪನಿಯ ಪೆಟ್ಟಿಗೆಗೂ ಇಂಥವರೊಬ್ಬರು ಸಿಗುತ್ತಾರಾ? ಇಲ್ಲ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಗುಂಡಿ ಮೈಮೇಲಿರಲಿ. ಬೆರಿಂಜರ್ ಯುಎಂಸಿ202ಎಚ್‌ಡಿ ಇದೆ: ಎರಡೂ ಇನ್‌ಪುಟ್‌ಗೆ ಇನ್‌ಸ್ಟ್ ಗುಂಡಿ, ನುಡಿಸಿದ್ದನ್ನು ಕಂಪ್ಯೂಟರ್ ಸುತ್ತಿಬರದೆ ನೇರವಾಗಿ ಕೇಳಿಸಿಕೊಳ್ಳಲು ಡೈರೆಕ್ಟ್ ಮಾನಿಟರ್, ಎಲ್ಲ ಬೆರಳಿಗೆ ಸಿಗುತ್ತವೆ. ಮನೆಗೆ ಅದು ಸಾಕು.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಬೇಗ. ಪೆಟ್ಟಿಗೆ ಚುಚ್ಚಿ, ಟರ್ಮಿನಲ್ ತೆರೆದು ಬರೆಯಿರಿ: ಎಲ್ಎಸ್‌ಯುಎಸ್‌ಬಿ, ಒಂದು ಸ್ಪೇಸ್, ಹೈಫನ್, ಸಣ್ಣ ಟಿ. ಪೆಟ್ಟಿಗೆಯ ಸಾಲಿನಲ್ಲಿ ಎಸ್‌ಎನ್‌ಡಿ-ಯುಎಸ್‌ಬಿ-ಆಡಿಯೊ ಎಂದು ಕಂಡರೆ ಡ್ರೈವರ್ ಕೂತಿದೆ. ಕಾಣದಿದ್ದರೆ ಅಂಗಡಿಗೆ ವಾಪಸು ಕೊಡಿ, ವಾದ ಬೇಡ. ಹಬ್‌ಗೆ ಚುಚ್ಚಬೇಡಿ, ಲ್ಯಾಪ್‌ಟಾಪಿಗೇ ಚುಚ್ಚಿ. ರೆಕಾರ್ಡಿಂಗ್ ತಂತ್ರಾಂಶದಲ್ಲಿ ಬಫರ್, ಅಂದರೆ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಅಳತೆಗಳ ಸಂಖ್ಯೆ, 128 ಇಡಿ. 48 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವ ಒಟ್ಟು ತಡ ಅದರ ಕೆಲವು ಪಟ್ಟು ಆಗುತ್ತದೆ, ಆದರೂ ಕೈಗೆ ತೊಂದರೆಯಿಲ್ಲ. ಪಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ಅತಿ ಜೋರಾಗಿ ಬಾರಿಸಿದಾಗ ಮೀಟರು ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್, ಅಂದರೆ ಒಳಬರುವ ಸದ್ದಿನ ಮಟ್ಟದ ಗುಂಡಿ, ತಿರುಗಿಸಿ. ಕೆಂಪು ದೀಪ ಹತ್ತಿತೆಂದರೆ ಆ ರೆಕಾರ್ಡಿಂಗ್ ಕೆಟ್ಟಿತು.

ಗುಂಯ್ ಅಂತ ಸದ್ದು ಬರುತ್ತಿದ್ದರೆ ಇಂಟರ್‌ಫೇಸನ್ನು ಬೈಯಬೇಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ನುಡಿಸಿ ನೋಡಿ. ಸದ್ದು ನಿಂತರೆ ತಪ್ಪು ಚಾರ್ಜರಿನದು, ಇಲ್ಲವೇ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ. ಎಲೆಕ್ಟ್ರಿಷಿಯನ್‌ನ ಕರೆಸಿ ಅರ್ಥಿಂಗ್ ನೋಡಿಸಿ. ಅದು ಗಿಟಾರಿಗಿಂತ ಮೊದಲು ನಿಮ್ಮ ಜೀವಕ್ಕೆ ಬೇಕಾದ್ದು. ನಮಸ್ಕಾರ.