ಸಾವಿರ ಅಡಿ ಕೇಬಲ್ ನುಂಗುವ ವೋಲ್ಟೇಜ್

ಕೇಳುಗರೇ, ನಮಸ್ಕಾರ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ಬೋರ್‌ವೆಲ್ಲನ್ನು ಸಾವಿರ ಅಡಿ ಕೊರೆಸಿದರೂ ನೀರು ಸಿಕ್ಕರೆ ಪುಣ್ಯ. ಮೋಟರ್ ಆಳಕ್ಕೆ ಇಳಿದಷ್ಟೂ ಕೇಬಲ್ ಉದ್ದವಾಗಬೇಕು. ಮೋಟರ್ ಎಷ್ಟು ಎಚ್‌ಪಿ ಇರಬೇಕು ಅಂತ ನಾಲ್ಕು ಜನರನ್ನು ಕೇಳುತ್ತೇವೆ. ಕೇಬಲ್ ಮಾತ್ರ "ಹೋದ ಸಲದ್ದೇ ಕೊಡಿ" ಅಂತ ತಂದುಬಿಡುತ್ತೇವೆ. ಇವತ್ತಿನ ಮಾತು ಆ ಕೇಬಲ್ ಬಗ್ಗೆ.

ತಾಮ್ರದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಆದರೂ ಸ್ವಲ್ಪ ತಡೆ ಇದ್ದೇ ಇರುತ್ತದೆ. ಅದನ್ನು ಅಳೆಯುವುದು ಓಮ್ ಲೆಕ್ಕದಲ್ಲಿ. ತಂತಿಯ ಉದ್ದ ಎರಡರಷ್ಟಾದರೆ ತಡೆಯೂ ಎರಡರಷ್ಟು. ದಪ್ಪದ ಲೆಕ್ಕ ಬೇರೆ. ತಂತಿಯ ವ್ಯಾಸ ಎರಡರಷ್ಟಾದರೆ ತಡೆ ಅರ್ಧಕ್ಕಲ್ಲ, ಕಾಲು ಭಾಗಕ್ಕೇ ಇಳಿಯುತ್ತದೆ. ಯಾಕೆಂದರೆ ಕತ್ತರಿಸಿದ ತುದಿಯ ವಿಸ್ತೀರ್ಣ ನಾಲ್ಕರಷ್ಟಾಗಿರುತ್ತದೆ. ಅಂಗಡಿಯವರು 2.5 ಸ್ಕ್ವೇರ್ ಎಂಎಂ, 6 ಸ್ಕ್ವೇರ್ ಎಂಎಂ ಅನ್ನುವುದು ಈ ವಿಸ್ತೀರ್ಣವನ್ನೇ.

ಸಾವಿರ ಅಡಿ ಅಂದರೆ ಸುಮಾರು 300 ಮೀಟರ್. 2.5ರ ತಾಮ್ರದ ಕೇಬಲ್ ಅಷ್ಟು ಉದ್ದ ಇದ್ದರೆ ಒಂದೊಂದು ಎಳೆಗೂ 2 ಓಮ್‌ಗಿಂತ ತುಸು ಜಾಸ್ತಿ ತಡೆ. ತ್ರೀ ಫೇಸ್ ಮೋಟರ್, ಅಂದರೆ ಮೂರು ಎಳೆಯಲ್ಲಿ ಕರೆಂಟು ಪಡೆಯುವ ಮೋಟರ್, 10 ಆಂಪ್ ಎಳೆಯುತ್ತಿದೆ ಅಂದುಕೊಳ್ಳಿ. ಸ್ಟಾರ್ಟರ್ ಹತ್ತಿರ 415 ವೋಲ್ಟ್ ಇದ್ದರೂ ಕೆಳಗೆ ಮೋಟರ್‌ಗೆ ಸಿಗುವುದು 380ರ ಆಸುಪಾಸು. ಜೊತೆಗೆ ಮೂರು ಎಳೆ ಸೇರಿ 600 ವ್ಯಾಟ್‌ಗೂ ಹೆಚ್ಚು ವಿದ್ಯುತ್ತು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದೇ 6ರ ಕೇಬಲ್ ಹಾಕಿದರೆ ಕಳೆದುಹೋಗುವುದು ಸುಮಾರು 15 ವೋಲ್ಟ್ ಅಷ್ಟೇ.

ಹಳ್ಳಿಯ ಲೈನಿನಲ್ಲಿ ಪೂರ್ತಿ 415 ಯಾವಾಗಲೂ ಬರುವುದಿಲ್ಲ, ಅಲ್ವಾ? ವೋಲ್ಟೇಜ್ ತೀರಾ ಇಳಿದಾಗ ಮೋಟರ್ ಅದೇ ಕೆಲಸಕ್ಕೆ ಜಾಸ್ತಿ ಕರೆಂಟು ಎಳೆಯುತ್ತದೆ. ಕರೆಂಟು ಹೆಚ್ಚಿದಂತೆ ಕೇಬಲ್ಲಿನಲ್ಲಿ ವೋಲ್ಟೇಜ್ ಇನ್ನೂ ಕಳೆದುಹೋಗುತ್ತದೆ. ಮೋಟರ್ ಒಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ಕಾದು ಕಾದು ಕೊನೆಗೆ ಸುಟ್ಟೇ ಹೋಗುತ್ತದೆ. ಆಮೇಲೆ ಸಾಲ ಮಾಡಿ ಮೋಟರ್ ಮೇಲೆತ್ತಿಸಿ, ವೈಂಡಿಂಗ್ ಕಟ್ಟಿಸಿ, ಮತ್ತೆ ಅದೇ ಸಣ್ಣ ಕೇಬಲ್ಲಿಗೆ ಜೋಡಿಸಿ ಇಳಿಸುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಆದ್ದರಿಂದ ಕೇಬಲ್ ಕೊಳ್ಳುವಾಗ ಮೋಟರ್ ಎಷ್ಟು ಆಳದಲ್ಲಿದೆ, ಎಷ್ಟು ಆಂಪ್ ಎಳೆಯುತ್ತದೆ ಅನ್ನುವುದನ್ನು ಹೇಳಿ. ಸ್ಟಾರ್ಟರ್ ಇರುವ ಶೆಡ್ಡಿನಿಂದ ಬೋರ್‌ವೆಲ್‌ವರೆಗಿನ ದೂರವನ್ನೂ ಸೇರಿಸಿ ಹೇಳಿ. ಮೋಟರನ್ನು ಇನ್ನೂ ಕೆಳಗೆ ಇಳಿಸಿ ಕೇಬಲ್ಲಿಗೆ ಜಾಯಿಂಟ್ ಹಾಕಿಸುತ್ತಿದ್ದರೆ, ಹಳೇ ದಪ್ಪ ಸಾಲುತ್ತದೆಯೇ ಅಂತ ಮೊದಲು ಲೆಕ್ಕ ಹಾಕಿಸಿ. ಮಿಕ್ಕಿದ ಕೇಬಲ್ಲನ್ನು ಸುರುಳಿ ಸುತ್ತಿ ಸ್ಟಾರ್ಟರ್ ಪಕ್ಕ ನೇತುಹಾಕಬೇಡಿ. ಆ ಸುರುಳಿಯಲ್ಲೂ ಕರೆಂಟು ಹರಿಯುತ್ತದೆ, ಬಿಸಿಯೂ ಅಲ್ಲೇ ಉಳಿಯುತ್ತದೆ. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿಸಿ.

ನಮಸ್ಕಾರ.