ಬಾಕಿ ಸಂಬಳ ಕೇಳಿದವರು

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಇದೇ ವೇದಿಕೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸಿಪಾಯಿಗಳು ಬಾಕಿ ಸಂಬಳಕ್ಕಾಗಿ 1781ರಲ್ಲಿ ಎದ್ದ ದಂಗೆಗೆ ‘ದ್ರೋಹ’ ಎಂಬ ಮಾತು ಬಂತು. ಊಟಕ್ಕೆ ಕೂತಾಗಲೂ ಅದು ನನ್ನನ್ನು ಬಿಡಲಿಲ್ಲ. ಹಾಗಾಗಿ ಬರೆದು ತಂದಿದ್ದನ್ನು ಬದಿಗಿಟ್ಟು ಅಲ್ಲಿಂದಲೇ ಶುರು ಮಾಡುತ್ತೇನೆ. ದುಡಿದವನು ಬಾಕಿ ಕೇಳಿದರೆ ಅದು ದ್ರೋಹವಲ್ಲ.

ಅಮೆರಿಕದ ಕ್ರಾಂತಿ, ಅಂದರೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಲ್ಲಿನ ವಸಾಹತುಗಳು ಮಾಡಿದ ಯುದ್ಧ, ನಿಮಗೆ ಗೊತ್ತೇ ಇದೆ. ಸಿಪಾಯಿಯ ಸಂಬಳ ತಿಂಗಳಿಗೆ 7 ಡಾಲರಿಗೂ ಕಮ್ಮಿ. ಅದೂ ಬೆಲೆ ಕಳೆದುಕೊಂಡ ಕಾಗದದ ನೋಟು. ಎಷ್ಟೋ ತಿಂಗಳು ಆ ನೋಟೂ ಇಲ್ಲ. ಹದಿನೈದಕ್ಕೇ ಸೇನೆ ಸೇರಿದ ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬ ಹುಡುಗ, ಸೇನೆ ಚಳಿಗಾಲಕ್ಕೆ ಬೀಡುಬಿಟ್ಟಿದ್ದ ಮಾರಿಸ್‌ಟೌನ್‌ನ ಹಿಮದಲ್ಲಿ ನಾಲ್ಕು ಹಗಲು ನಾಲ್ಕು ರಾತ್ರಿ ಮರದ ತೊಗಟೆ ಜಗಿದುಕೊಂಡೇ ಇದ್ದ.

1781ರ ಜನವರಿ 1ರ ರಾತ್ರಿ ಅದೇ ಮಾರಿಸ್‌ಟೌನಿನಲ್ಲಿ ಪೆನ್ಸಿಲ್ವೇನಿಯಾದವರು ಎದ್ದರು. ಗಲಾಟೆಯಲ್ಲಿ ಒಬ್ಬ ಕ್ಯಾಪ್ಟನ್ ಸತ್ತ. ಅದನ್ನು ನಾನು ಮುಚ್ಚಿಡುವುದಿಲ್ಲ. ಆಮೇಲೆ ತಮ್ಮ ಸಾರ್ಜೆಂಟ್‌ಗಳನ್ನೇ ಮುಂದಾಳು ಮಾಡಿಕೊಂಡು, ಸಾಲು ಕಟ್ಟಿ ಕಾಂಗ್ರೆಸ್, ಅಂದರೆ ಅವರ ದೇಶದ ಆಡಳಿತ ಸಭೆ, ಇದ್ದ ಫಿಲಡೆಲ್ಫಿಯಾ ಕಡೆ ಹೊರಟರು. ನನಗೆ ತುಂಬ ಇಷ್ಟವಾದ ಭಾಗ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸುದ್ದಿ ಕೇಳಿ ಬ್ರಿಟಿಷ್ ಜನರಲ್ ಕ್ಲಿಂಟನ್‌ಗೆ ಆಸೆ ಹುಟ್ಟಿತು. ಇಬ್ಬರನ್ನು ಕಳಿಸಿದ. ಅವರ ಹತ್ತಿರ ಚಹಾ ಪೊಟ್ಟಣದ ಸೀಸದ ಹಾಳೆಯಲ್ಲಿ ಸುತ್ತಿದ ಕಾಗದ. ‘ನಮ್ಮ ಕಡೆ ಬನ್ನಿ, ನಿಮ್ಮ ಬಾಕಿಯೆಲ್ಲ ನಾವು ಕೊಡುತ್ತೇವೆ’ ಎಂಬುದು ಅದರ ಸಾರ. ಹೊಟ್ಟೆಗಿಲ್ಲ, ಬಟ್ಟೆ ಹರಿದಿದೆ, ಎದುರಿಗೆ ಇಂಥ ಕಾಗದ. ಏನು ಮಾಡಿದರು ಗೊತ್ತಾ? ಇಬ್ಬರನ್ನೂ ಹಿಡಿದು ತಮ್ಮದೇ ಜನರಲ್ ವೇಯ್ನ್ ಕೈಗೆ ಒಪ್ಪಿಸಿದರು. ಗೂಢಚಾರರಿಗೆ ಜನವರಿ 11ರಂದು ಗಲ್ಲಾಯಿತು. ಬಹುಮಾನವಾಗಿ ಚಿನ್ನದ ನಾಣ್ಯ ಕೊಡಲು ಬಂದಾಗ ಸಾರ್ಜೆಂಟ್‌ಗಳು ಬೇಡವೆಂದರು. ಸಂಬಳ ಬೇಕಿತ್ತು, ಬಹುಮಾನ ಬೇಕಿರಲಿಲ್ಲ. ಇವರನ್ನು ದ್ರೋಹಿಗಳು ಅನ್ನೋಣವೇ?

ಚೀಟಿ ಬಂತು, ಐದೇ ನಿಮಿಷವಂತೆ. ನ್ಯೂಜೆರ್ಸಿ ಸಿಪಾಯಿಗಳ ಕಥೆ ಹೇಳದೆ ಇಳಿಯಲಾರೆ. ಅದೇ ತಿಂಗಳು ಪಾಂಪ್ಟನ್‌ನಲ್ಲಿ ಅವರೂ ಎದ್ದರು. ಈ ಸಲ ಇಡೀ ಸೇನೆಯ ಮುಖ್ಯಸ್ಥ ಜಾರ್ಜ್ ವಾಷಿಂಗ್ಟನ್, ಅವರನ್ನು ಹತ್ತಿಕ್ಕಲು ಸೈನ್ಯ ಕಳಿಸಿದ. ಇಬ್ಬರಿಗೆ ಗುಂಡಿನ ಶಿಕ್ಷೆಯಾಯಿತು. ಗುಂಡು ಹಾರಿಸಲು ನಿಲ್ಲಿಸಿದ್ದು ಅವರ ಜೊತೆಗೇ ಎದ್ದಿದ್ದ ಗೆಳೆಯರನ್ನು. ಬಂದೂಕಿಗೆ ಮದ್ದು ತುಂಬುವಾಗ ಅವರು ಅಳುತ್ತಿದ್ದರೆಂದು ಅಲ್ಲಿದ್ದ ಸೇನಾ ವೈದ್ಯ ಥ್ಯಾಚರ್ ಬರೆದಿದ್ದಾನೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನೆಗಳ ದುಃಖದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಸಮಯವಿಲ್ಲ. ಅದೇ ವರ್ಷ ಬ್ರಿಟಿಷರ ಮೇಲೆ ಯಾರ್ಕ್‌ಟೌನ್ ಕದನ ಗೆದ್ದ ಮೂರೇ ವಾರದೊಳಗೆ ವಾಷಿಂಗ್ಟನ್‌ನ ಮಲಮಗ ಜಾಕಿ ಶಿಬಿರದ ಜ್ವರಕ್ಕೆ ಸತ್ತ. ಅವನ ತಾಯಿ, ವಾಷಿಂಗ್ಟನ್‌ನ ಹೆಂಡತಿ ಮಾರ್ತಾಳ ನಾಲ್ಕು ಮಕ್ಕಳಲ್ಲಿ ಕೊನೆಗೆ ಉಳಿದಿದ್ದವನು ಅವನೊಬ್ಬನೇ. ಜನರಲ್ ಮನೆಗೂ ಸಾವು ಬಂತು, ಸಿಪಾಯಿ ಮನೆಗೂ ಬಂತು. ಆದರೆ ಅಧಿಕಾರಿಗಳ ವಿಧವೆಯರಿಗೆ ಅರ್ಧ ಸಂಬಳ ಕೊಡುವ ನಿರ್ಧಾರ 1780ರಲ್ಲೇ ಆಯಿತು. ಸಾಮಾನ್ಯ ಸಿಪಾಯಿಗಳ ಹೆಂಡತಿಯರಿಗೆ ವ್ಯಾಪಕವಾಗಿ ಪಿಂಚಣಿಯ ದಾರಿ ತೆರೆದದ್ದು 1836ರ ಕಾನೂನು. ಅಷ್ಟರಲ್ಲಿ ಎಷ್ಟು ಜನ ಬದುಕಿದ್ದರು?

ತೊಗಟೆ ಜಗಿದ ಆ ಹುಡುಗ ಮಾರ್ಟಿನ್ ಏನಾದ ಅಂತ ಕೇಳುತ್ತೀರಿ. 1783ರಲ್ಲಿ ಸೇನೆ ಚದುರಿದಾಗ ಅವನಿಗೂ ಜೊತೆಯವರಿಗೂ ಸಿಕ್ಕಿದ್ದು ಹಣವಲ್ಲ, ಇಷ್ಟು ಸಂಬಳ ಬಾಕಿ ಇದೆ ಎಂಬ ಪತ್ರಗಳು. ಮೈಮೇಲೆ ನೆಟ್ಟಗೆ ಒಂದು ಬಟ್ಟೆ ಇರಲೆಂದು ಅದನ್ನೂ ಮಾರಿಕೊಂಡರು. ವರ್ಷಗಟ್ಟಲೆ ಅಣ್ಣತಮ್ಮಂದಿರ ಹಾಗೆ ಬಾಳಿದವರು, ಮತ್ತೆ ಸಿಗುವುದಿಲ್ಲವೆಂದು ಗೊತ್ತಿದ್ದೇ, ಒಬ್ಬೊಬ್ಬರಾಗಿ ತಮ್ಮ ದಾರಿ ಹಿಡಿದರು.